ಮೊದಲು ತೂತು, ಆಮೇಲೆ ಇನ್ಸುಲೇಷನ್: ಡೆನ್ವರ್ ಸುತ್ತಮುತ್ತಲ ಹಳೇ ಮನೆಗಳ ಬಗ್ಗೆ

ಅಮೆರಿಕದ ಕೊಲೊರಾಡೊದಲ್ಲಿರುವ ಈ ಡೆನ್ವರ್ ಎತ್ತರದ ಊರು ಅಂತ ಇಲ್ಲಿನ ಕನ್ನಡಿಗರು ನಾವೆಲ್ಲ ಊರಿಗೆ ಫೋನ್ ಮಾಡಿದಾಗೆಲ್ಲ ಹೇಳುತ್ತೇವೆ. 5,280 ಅಡಿ, ಅಂದರೆ ಸುಮಾರು 1,609 ಮೀಟರ್. ಆದರೆ ನಮ್ಮ ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರ, 1,930 ಮೀಟರ್. ಅಲ್ಲಿ ಒಂದು ಸ್ವೆಟರ್‌ನಲ್ಲಿ ಚಳಿಗಾಲ ಕಳೆಯುತ್ತದೆ. ಇಲ್ಲಿ ಅಮ್ಮ ಬಂದರೆ ಮನೆಯೊಳಗೇ ಮಂಕಿ ಟೋಪಿ ಹಾಕಿಕೊಂಡು ಕೂರುತ್ತಾರೆ. ಹಾಗಾಗಿ ಚಳಿಗೆಲ್ಲ ಎತ್ತರವೇ ಕಾರಣ ಅನ್ನುವ ಹಾಗಿಲ್ಲ. ನಾವು ಉತ್ತರಕ್ಕಿದ್ದೇವೆ, ಸಮುದ್ರ ದೂರ, ಗಾಳಿ ಒಣ. ಆದರೆ ಎತ್ತರ ಅನ್ನುವುದು ಮನೆಯ ವಿಷಯದಲ್ಲಿ ಬೇರೆ ಕೆಲವು ಕಿತಾಪತಿ ಮಾಡುತ್ತದೆ. ಇನ್ಸುಲೇಷನ್, ಅಂದರೆ ಶಾಖ ಹೊರಗೆ ಹೋಗದ ಹಾಗೆ ಸೀಲಿಂಗ್ ಮೇಲೆ, ಗೋಡೆಯೊಳಗೆ ಹಾಕುವ ಪದರ, ಅದರ ಬಗ್ಗೆ ಮಿನ್ನೆಸೋಟದವರೋ ಬಾಸ್ಟನ್‌ನವರೋ ಹಾಕಿದ ವಿಡಿಯೊ ನೋಡಿ ಇಲ್ಲಿ ಕೆಲಸ ಶುರು ಮಾಡಿದರೆ ಅರ್ಧ ಸರಿಯಾಗುತ್ತದೆ, ಇನ್ನರ್ಧ ಎಡವಟ್ಟಾಗುತ್ತದೆ. ಇವತ್ತು ಆ ಇನ್ನರ್ಧದ ಬಗ್ಗೆಯೇ ಜಾಸ್ತಿ ಮಾತಾಡುತ್ತೇನೆ.

2022ರ ಡಿಸೆಂಬರ್ 21 ನೆನಪಿದೆಯಾ? ಏರ್‌ಪೋರ್ಟ್ ಹತ್ತಿರ ಒಂದೇ ಗಂಟೆಯಲ್ಲಿ 37 ಡಿಗ್ರಿ ಫ್ಯಾರನ್‌ಹೀಟ್ ಇಳಿಯಿತು. ಮಾರನೇ ದಿನ ಬೆಳಿಗ್ಗೆ ಮೈನಸ್ 24. (ಮುಂದೆ ಹೇಳುವ ಡಿಗ್ರಿಗಳೂ ಫ್ಯಾರನ್‌ಹೀಟ್‌ನಲ್ಲೇ.) ಆ ವಾರ ನನಗೆ ಬಂದ ಫೋನ್‌ಗಳೆಲ್ಲ ಒಂದೇ ಥರ. ಮನೆ ಬಿಸಿ ಮಾಡುವ ಫರ್ನೇಸ್ ನಿಲ್ಲದೇ ಓಡುತ್ತಿದೆ, ಮನೆ 62 ಡಿಗ್ರಿ ದಾಟುತ್ತಿಲ್ಲ, ಹೊಸ ಫರ್ನೇಸ್ ಹಾಕಿಸಬೇಕಾ? ನನ್ನ ಕೆಲಸ ಮನೆ ಎಲ್ಲಿ ಸೋರುತ್ತಿದೆ ಅಂತ ಅಳೆದು ಹೇಳುವುದು, ಫರ್ನೇಸ್ ಮಾರುವುದಲ್ಲ. ಅದಕ್ಕೇ ಧೈರ್ಯವಾಗಿ ಹೇಳುತ್ತೇನೆ: ಬೇಡ, ಮೊದಲು ಆಟಿಕ್, ಅಂದರೆ ಸೀಲಿಂಗ್ ಮತ್ತು ಚಾವಣಿ ನಡುವಿನ ಅಟ್ಟ, ಹತ್ತಿ ನೋಡೋಣ.

ಫರ್ನೇಸ್ ವಿಷಯ ಬಂತಲ್ಲ, ಎತ್ತರದ ಮೊದಲ ಕಿತಾಪತಿ ಅಲ್ಲೇ ಇದೆ. ಡೆನ್ವರ್‌ನಲ್ಲಿ ಗಾಳಿ ಸಮುದ್ರ ಮಟ್ಟಕ್ಕಿಂತ ಶೇಕಡಾ 17ರಷ್ಟು ತೆಳು. ಮೇಲೆ ಲೆಡ್‌ವಿಲ್‌ಗೆ ಹೋದರೆ, ಅದು 10,150 ಅಡಿ, ಅಲ್ಲಿ ಶೇಕಡಾ 30ರಷ್ಟು ತೆಳು. ಗಾಳಿ ತೆಳುವಾದರೆ ಆಮ್ಲಜನಕ ಕಮ್ಮಿ, ಬರ್ನರ್ ಅಷ್ಟು ಗ್ಯಾಸ್ ಸುಡಲಾರದು. ಪ್ರತಿ 1,000 ಅಡಿಗೆ ಶೇಕಡಾ 4ರಷ್ಟು ತಾಕತ್ತು ಇಳಿಸಿ ಲೆಕ್ಕ ಹಾಕಬೇಕು ಅನ್ನುವುದು ಈ ಕೆಲಸದವರ ಹಳೇ ನಿಯಮ. ಅಂದರೆ ಫರ್ನೇಸ್ ಡಬ್ಬದ ಮೇಲೆ 1,00,000 ಬಿಟಿಯು (ಶಾಖದ ಅಳತೆ) ಅಂತ ಬರೆದಿದ್ದರೂ ಡೆನ್ವರ್‌ನಲ್ಲಿ 80,000ದ ಹತ್ತಿರ ಅಂದುಕೊಳ್ಳಿ. ನಮಗೆ ಬರುವ ಗ್ಯಾಸ್‌ನಲ್ಲಿ ಶಾಖ ಎಷ್ಟಿದೆ ಅನ್ನುವುದೂ ಇದರಲ್ಲಿ ಸೇರುತ್ತದೆ, ಹಾಗಾಗಿ ಸುಮ್ನೆ ನೀವೇ ಬರ್ನರ್ ತಿರುಗಿಸಲು ಹೋಗಬೇಡಿ, ಟೆಕ್ನಿಷಿಯನ್ ಕೆಲಸ ಅದು. ನಾನು ಹೇಳುವುದಿಷ್ಟೇ. ಎತ್ತರದಲ್ಲಿ ಶಾಖ ಹುಟ್ಟಿಸುವುದು ಒಂಚೂರು ಕಷ್ಟ. ಹಾಗಾಗಿ ಹುಟ್ಟಿದ ಶಾಖ ಹೊರಗೆ ಹೋಗದ ಹಾಗೆ ನೋಡಿಕೊಳ್ಳುವುದಕ್ಕೆ ಇಲ್ಲಿ ಬೆಲೆ ಜಾಸ್ತಿ.

ಈಗ ಮುಖ್ಯ ಮಾತು. ಇನ್ಸುಲೇಷನ್ ಅಂದ ಕೂಡಲೇ ಎಲ್ಲರೂ ದಪ್ಪ ಕೇಳುತ್ತಾರೆ. ಎಷ್ಟು ಇಂಚು ಹಾಕಿಸಲಿ? ಡಿಸೆಂಬರ್ ಬೆಳಿಗ್ಗೆ ಚಿಕ್ಕಮಗಳೂರಿನಿಂದ ಕೆಮ್ಮಣ್ಣುಗುಂಡಿಗೆ ಬೈಕಲ್ಲಿ ಹೋದವರು ಇದ್ದೀರಾ ಇಲ್ಲಿ? ಉಣ್ಣೆ ಸ್ವೆಟರ್ ಎಷ್ಟೇ ದಪ್ಪ ಇರಲಿ, ಗಾಳಿ ಒಳಗೆ ನುಗ್ಗಿ ಎದೆ ಕೊರೆಯುತ್ತದೆ. ಮೇಲೊಂದು ತೆಳ್ಳನೆ ಜರ್ಕಿನ್ ಹಾಕಿ, ಅದೇ ಸ್ವೆಟರ್ ಬೆಚ್ಚಗಾಗುತ್ತದೆ. ಮನೆಗೆ ಹಾಕುವ ಫೈಬರ್‌ಗ್ಲಾಸ್ ಇನ್ಸುಲೇಷನ್, ಅಂದರೆ ಗಾಜಿನ ಉಣ್ಣೆ, ಬರೀ ಸ್ವೆಟರ್. ಗಾಳಿ ನುಗ್ಗುವ ತೂತು ಮುಚ್ಚುವುದು ಜರ್ಕಿನ್. ಹಳೇ ಮನೆಗಳಲ್ಲಿ ಜರ್ಕಿನ್ ಇರುವುದೇ ಇಲ್ಲ.

ಗಾಳಿ ಹೇಗೆ ಓಡಾಡುತ್ತದೆ ಅಂತ ಒಂದು ನಿಮಿಷ ಹೇಳಿಬಿಡುತ್ತೇನೆ. ಬಿಸಿ ಗಾಳಿ ಮೇಲೆ ಹೋಗುತ್ತದೆ, ಸೀಲಿಂಗ್‌ನ ತೂತುಗಳಿಂದ ಆಟಿಕ್‌ಗೆ ಹಾರುತ್ತದೆ. ಹೋದಷ್ಟೇ ಗಾಳಿ ಕೆಳಗಿಂದ, ಬೇಸ್‌ಮೆಂಟ್ ಅಥವಾ ಕ್ರಾಲ್‌ಸ್ಪೇಸ್ (ನೆಲದಡಿಯ ತಗ್ಗು ಜಾಗ) ಕಡೆಯಿಂದ ಒಳಗೆ ಬರಬೇಕು. ನಿಮ್ಮ ಪಾದ ತಣ್ಣಗಾಗುವುದಕ್ಕೆ ಎಷ್ಟೋ ಸಲ ಕಾರಣ ತಲೆಯ ಮೇಲಿನ ತೂತು. ಇದನ್ನು ಜನ ನಂಬುವುದಿಲ್ಲ. ಪಾದ ತಣ್ಣಗೆ ಅಂತ ಕಾರ್ಪೆಟ್ ಹಾಕಿಸುತ್ತಾರೆ.

ತೂತು ಎಷ್ಟಿದೆ ಅಂತ ಅಳೆಯಲು ಬ್ಲೋವರ್ ಡೋರ್ ಅಂತ ಇದೆ. ಮುಂಬಾಗಿಲಿಗೆ ಒಂದು ಬಟ್ಟೆಯ ಚೌಕಟ್ಟು ಕೂರಿಸಿ, ಅದರಲ್ಲಿ ಫ್ಯಾನ್ ಇಟ್ಟು ಮನೆಯ ಗಾಳಿಯನ್ನು ಹೊರಗೆ ಎಳೆಯುತ್ತೇವೆ, 50 ಪ್ಯಾಸ್ಕಲ್ ಒತ್ತಡದ ವ್ಯತ್ಯಾಸ ಬರುವ ತನಕ. ಆಗ ಗಂಟೆಗೆ ಎಷ್ಟು ಸಲ ಮನೆಯ ಪೂರ್ತಿ ಗಾಳಿ ಬದಲಾಗುತ್ತದೆ ಅನ್ನುವ ಲೆಕ್ಕ ಸಿಗುತ್ತದೆ. ಹೊಸ ಮನೆಗಳಿಗೆ ಈಗಿನ ಕಟ್ಟಡ ನಿಯಮ, ಅಂದರೆ ಕೋಡ್, ಕೇಳುವುದು ಸುಮಾರು 3. ಹಳೇ ಮನೆಗಳಲ್ಲಿ 10, 12 ಬಂದರೆ ನನಗೆ ಆಶ್ಚರ್ಯವೇ ಆಗುವುದಿಲ್ಲ.

ಅಳತೆ ಮಾಡಿಸುವ ಮುಂಚೆ ನೀವೇ ಒಂದು ಸಣ್ಣ ಪರೀಕ್ಷೆ ಮಾಡಬಹುದು, ನಮ್ಮವರ ಮನೆಯಲ್ಲಿ ಊದುಬತ್ತಿ ಇದ್ದೇ ಇರುತ್ತದಲ್ಲ. ಚಳಿ ಇರುವ ದಿನ ಕಿಟಕಿ ಬಾಗಿಲು ಹಾಕಿ. ಫರ್ನೇಸ್ ಆಫ್ ಮಾಡಿ, ಗ್ಯಾಸ್ ವಾಟರ್ ಹೀಟರ್ ಇದ್ದರೆ ಅದನ್ನೂ ಪೈಲಟ್‌ಗೆ, ಅಂದರೆ ಬರೀ ಸಣ್ಣ ಉರಿಗೆ, ಇಳಿಸಿ, ಇದನ್ನು ಮರೆಯಬೇಡಿ. ಆಮೇಲೆ ಬಾತ್‌ರೂಮ್ ಫ್ಯಾನ್, ಅಡುಗೆಮನೆ ಹುಡ್, ಡ್ರೈಯರ್ ಎಲ್ಲ ಒಟ್ಟಿಗೆ ಓಡಿಸಿ. ಊದುಬತ್ತಿ ಹಚ್ಚಿ ಹೊರಗೋಡೆಯ ಪ್ಲಗ್ ಪಾಯಿಂಟ್, ಸಿಂಕ್ ಕೆಳಗಿನ ಪೈಪ್, ಫೈರ್‌ಪ್ಲೇಸ್, ಆಟಿಕ್ ಮುಚ್ಚಳ, ಹೀಗೆ ಒಂದೊಂದರ ಹತ್ತಿರ ಹಿಡಿಯುತ್ತಾ ಹೋಗಿ. ಹೊಗೆ ನೇರ ಏರುತ್ತಿದ್ದರೆ ಪರವಾಗಿಲ್ಲ, ಅಡ್ಡ ಮಲಗಿದರೆ ಅಲ್ಲಿ ತೂತಿದೆ. ಊದುಬತ್ತಿ ಹಿಡಿದುಕೊಂಡು ಆಟಿಕ್ ಒಳಗೆ ಮಾತ್ರ ಹೋಗಬೇಡಿ, ದಯವಿಟ್ಟು.

ಆಟಿಕ್ ಹತ್ತಿದಾಗ ನಾನು ಮೊದಲು ನೋಡುವುದು ಇನ್ಸುಲೇಷನ್ ದಪ್ಪ ಅಲ್ಲ, ಬಣ್ಣ. ಹಳೇ ಗುಲಾಬಿ ಅಥವಾ ಹಳದಿ ಫೈಬರ್‌ಗ್ಲಾಸ್ ಅಲ್ಲಲ್ಲಿ ಕಪ್ಪಾಗಿರುತ್ತದೆ. ಮನೆಯವರು ಫಂಗಸ್ ಅಂದುಕೊಂಡು ಹೆದರುತ್ತಾರೆ. ಸಾಮಾನ್ಯವಾಗಿ ಅದು ಧೂಳು. ಕೆಳಗಿನಿಂದ ಬಿಸಿ ಗಾಳಿ ವರ್ಷಗಟ್ಟಲೆ ಆ ಜಾಗದಿಂದ ಹೊರಗೆ ಹೋಗುವಾಗ ಫೈಬರ್‌ಗ್ಲಾಸ್ ಅದನ್ನು ಸೋಸಿದೆ, ಕೊಳೆ ಅಲ್ಲೇ ಉಳಿದಿದೆ, ಗಾಳಿ ಮಾತ್ರ ಹೋಗಿದೆ. ಕಪ್ಪು ಪಟ್ಟೆ ಎತ್ತಿ ನೋಡಿ, ಕೆಳಗೆ ಖಂಡಿತ ಒಂದು ಸಂದು ಇರುತ್ತದೆ. ಒಳಗೋಡೆಯ ಮೇಲಿನ ಮರದ ಪಟ್ಟಿ ಮತ್ತು ಡ್ರೈವಾಲ್ (ಗೋಡೆ, ಸೀಲಿಂಗ್‌ಗೆ ಹೊಡೆಯುವ ಜಿಪ್ಸಮ್ ಹಲಗೆ) ನಡುವಿನ ಬಿರುಕು, ವೈರ್ ಹೋಗಲು ಕೊರೆದ ತೂತು, ಪ್ಲಂಬಿಂಗ್ ಪೈಪ್ ಸುತ್ತ ಕೈ ಹೋಗುವಷ್ಟು ಜಾಗ. 70ರ ದಶಕದ ಮನೆಗಳಲ್ಲಿ ಕಿಚನ್ ಕ್ಯಾಬಿನೆಟ್ ಮೇಲೆ ತಗ್ಗಿಸಿದ ಸೀಲಿಂಗ್ ಇರುತ್ತದಲ್ಲ, ಅದರ ಮೇಲೆ ಎಷ್ಟೋ ಕಡೆ ಡ್ರೈವಾಲೇ ಇರುವುದಿಲ್ಲ, ಸೀದಾ ಆಟಿಕ್. ಒಂದು ಡಬ್ಬಿ ಫೋಮ್, ಸಂದು ಮುಚ್ಚುವ ಕಾಕ್ ಅಂಟು ಒಂದು ಟ್ಯೂಬ್, ದೊಡ್ಡ ತೂತಿಗೆ ಫೋಮ್ ಬೋರ್ಡ್ ತುಂಡು, ಮುಗಿಯಿತು. ಚಿಮಣಿ ಮತ್ತು ಫರ್ನೇಸ್‌ನ ಹೊಗೆ ಕೊಳವೆ ಸುತ್ತ ಮಾತ್ರ ಫೋಮ್ ಬೇಡವೇ ಬೇಡ. ಅಲ್ಲಿ ತಗಡಿನ ಹಾಳೆ ಮತ್ತು ಬಿಸಿ ತಡೆಯುವ ಸೀಲೆಂಟ್.

ಇದು ಕೊಳಕು ಕೆಲಸ, ಮೊಣಕಾಲಲ್ಲಿ ತೆವಳಬೇಕು. ಫೋಟೊ ತೆಗೆದು ತೋರಿಸುವಂಥದ್ದೂ ಅಲ್ಲ. ಅದಕ್ಕೇ ಕೆಲವು ಕಂಟ್ರ್ಯಾಕ್ಟರ್‌ಗಳು ಇದನ್ನು ಬಿಟ್ಟು ನೇರ ಮೇಲೆ ಸೆಲ್ಯುಲೋಸ್, ಅಂದರೆ ಕಾಗದದ ಚೂರಿನ ಇನ್ಸುಲೇಷನ್, ಊದಿ ಹೋಗುತ್ತಾರೆ. ನೋಡಲು ಚೆನ್ನಾಗಿಯೇ ಇರುತ್ತದೆ. ಆಮೇಲೆ ತೂತು ಹುಡುಕಬೇಕು ಅಂದರೆ ಹದಿನಾಲ್ಕು ಇಂಚು ಕಾಗದದ ಚೂರನ್ನು ಪಕ್ಕಕ್ಕೆ ತಳ್ಳುತ್ತಾ ಕೂರಬೇಕು.

ಆಟಿಕ್‌ಗೆ ಕೈ ಹಾಕುವ ಮುಂಚೆ ಎರಡು ವಿಷಯ ನೋಡಲೇಬೇಕು. ಒಂದು ವರ್ಮಿಕ್ಯುಲೈಟ್. ಬೂದು, ಕಂದು, ಹೊಳೆಯುವ ಸಣ್ಣ ಕಲ್ಲುಗಳ ಹಾಗೆ ಸುರಿದಿರುತ್ತದೆ. ಅಮೆರಿಕದಲ್ಲಿ ಮಾರಾಟವಾದ ವರ್ಮಿಕ್ಯುಲೈಟ್‌ನ ಬಹುಪಾಲು ಮೊಂಟಾನಾದ ಲಿಬ್ಬಿ ಗಣಿಯಿಂದ ಬಂತು, ಆ ಗಣಿಯಲ್ಲಿ ಆಸ್ಬೆಸ್ಟಾಸ್ ಸೇರಿಕೊಂಡಿತ್ತು, 1990ರಲ್ಲಿ ಅದು ಮುಚ್ಚಿತು. ಜೊನೊಲೈಟ್ ಅನ್ನುವ ಹೆಸರಿನಲ್ಲಿ ಮಾರುತ್ತಿದ್ದರು. ಆ ಥರ ಕಂಡರೆ ಕೆದಕಬೇಡಿ, ಪೊರಕೆ ವ್ಯಾಕ್ಯೂಮ್ ಏನೂ ಬೇಡ, ಸುಮ್ನೆ ಇಳಿದು ಬನ್ನಿ. ಆಸ್ಬೆಸ್ಟಾಸ್ ಇದೆ ಅಂದುಕೊಂಡೇ ಮುಂದಿನ ಹೆಜ್ಜೆ ಇಡಿ. ತೆಗೆಸುವ ಖರ್ಚಿನಲ್ಲಿ ಒಂದು ಪಾಲು ಕೊಡುವುದಕ್ಕೆ ಒಂದು ಟ್ರಸ್ಟ್ ಕೂಡ ಇದೆ, ಅರ್ಜಿ ಹಾಕುವುದನ್ನು ಮರೆಯಬೇಡಿ. ಎರಡನೆಯದು ಹಳೇ ನಾಬ್ ಅಂಡ್ ಟ್ಯೂಬ್ ವೈರಿಂಗ್. ಪಿಂಗಾಣಿ ಗುಬಟೆಗಳ ಮೇಲೆ ಎಳೆದ ಒಂಟಿ ತಂತಿ. ಸುತ್ತಲಿನ ಗಾಳಿಯಲ್ಲಿ ತಣ್ಣಗಾಗಲಿ ಅಂತಲೇ ಅದನ್ನು ಹಾಗೆ ಎಳೆದಿರುವುದು, ಇನ್ಸುಲೇಷನ್‌ನಲ್ಲಿ ಹೂತರೆ ಬಿಸಿಯಾಗುತ್ತದೆ. 1930ಕ್ಕಿಂತ ಹಿಂದಿನ ಮನೆ ತೆಗೆದುಕೊಂಡವರು ಮೊದಲು ಎಲೆಕ್ಟ್ರಿಷಿಯನ್ ಕರೆಸಿ.

ಇಷ್ಟಾದ ಮೇಲೆ ದಪ್ಪದ ಮಾತು. ಆರ್ ವ್ಯಾಲ್ಯೂ ಅಂದರೆ ಶಾಖವನ್ನು ತಡೆಯುವ ಶಕ್ತಿ, ಎರಡು ಪಟ್ಟಾದರೆ ಹೊರಗೆ ಹೋಗುವ ಶಾಖ ಅರ್ಧ. 1,000 ಚದರ ಅಡಿ ಸೀಲಿಂಗ್, ಒಳಗೆ 70, ಹೊರಗೆ 10 ಡಿಗ್ರಿ ಅಂದುಕೊಳ್ಳಿ. ಹಳೇ ಮೂರು ಮೂರೂವರೆ ಇಂಚು ಫೈಬರ್‌ಗ್ಲಾಸ್ ಅಂದರೆ ಆರ್-11, ಗಂಟೆಗೆ 5,450 ಬಿಟಿಯು ಹೋಗುತ್ತದೆ. ಆರ್-49 ಮಾಡಿದರೆ 1,220. ಆರ್-60 ಮಾಡಿದರೆ 1,000. ನೋಡಿ, ಮೊದಲ ಹಂತದಲ್ಲಿ 4,200 ಉಳಿಯಿತು, ಎರಡನೆಯದರಲ್ಲಿ 220. ಬೆಟ್ಟದ ಮೇಲೆ ಮನೆ ಇರುವವರು 60ಕ್ಕೆ ಹೋಗಲಿ, ಸೆಲ್ಯುಲೋಸ್ ಊದುವವನು ಹೇಗೂ ಬಂದಿರುತ್ತಾನೆ, ಇನ್ನು ಮೂರು ಇಂಚಿಗೆ ಖರ್ಚು ದೊಡ್ಡದಲ್ಲ. ಆದರೆ ಅದರ ಮೇಲೆ ತಲೆ ಕೆಡಿಸಿಕೊಳ್ಳಬೇಡಿ.

ತಲೆ ಕೆಡಿಸಿಕೊಳ್ಳಬೇಕಾದದ್ದು ಆಟಿಕ್ ಮುಚ್ಚಳದ ಬಗ್ಗೆ. ಇದೊಂದು ಲೆಕ್ಕ ಗಮನ ಕೊಟ್ಟು ಕೇಳಿ. ಅದೇ 1,000 ಚದರ ಅಡಿ, ಎಲ್ಲ ಕಡೆ ಆರ್-49. ಹತ್ತು ಚದರ ಅಡಿಯ ಏಣಿ ಮುಚ್ಚಳ ಮಾತ್ರ ಬರೀ ಪ್ಲೈವುಡ್, ಆರ್-1 ಅನ್ನಿ. ಶೇಕಡಾ 1ರಷ್ಟು ಜಾಗ. ಇಡೀ ಸೀಲಿಂಗ್‌ನ ಸರಾಸರಿ ಎಷ್ಟಕ್ಕೆ ಇಳಿಯುತ್ತದೆ ಹೇಳಿ? 45? 47? ಅಲ್ಲ, 33. ಆ ಒಂದು ಹಲಗೆ ನಿಮ್ಮ ಆಟಿಕ್ ಕೆಲಸದ ಮೂರನೇ ಒಂದು ಪಾಲು ನುಂಗಿ ಕೂತಿರುತ್ತದೆ. ಮುಚ್ಚಳದ ಬೆನ್ನಿಗೆ ನಾಲ್ಕು ಇಂಚು ಫೋಮ್ ಬೋರ್ಡ್ ಅಂಟಿಸಿ, ಅಂಚಿಗೆ ಬಾಗಿಲಿಗೆ ಹಾಕುವ ರಬ್ಬರ್ ಪಟ್ಟಿ ಹಾಕಿ, ಚಿಲಕದಿಂದ ಬಿಗಿ ಮಾಡಿ. ಒಂದು ಶನಿವಾರದ ಕೆಲಸ. ಹಳೇ ಮನೆಗಳಲ್ಲಿ ಹೋಲ್ ಹೌಸ್ ಫ್ಯಾನ್, ಅಂದರೆ ಇಡೀ ಮನೆಯ ಬಿಸಿ ಗಾಳಿಯನ್ನು ಆಟಿಕ್‌ಗೆ ತಳ್ಳುವ ಸೀಲಿಂಗ್‌ನ ದೊಡ್ಡ ಫ್ಯಾನ್, ಇರುವವರು ಇದೇ ಲೆಕ್ಕವನ್ನು ಅದಕ್ಕೂ ಹಾಕಿ. ಬೇಸಿಗೆಯಲ್ಲಿ ಅದು ಈ ಊರಿಗೆ ಹೇಳಿ ಮಾಡಿಸಿದ್ದು. ಹಗಲು 92 ಇದ್ದರೂ ರಾತ್ರಿ 60ಕ್ಕೆ ಇಳಿಯುತ್ತದೆ, ಗಾಳಿ ಒಣ, ಒಂದು ಗಂಟೆ ಫ್ಯಾನ್ ಓಡಿಸಿದರೆ ಎಸಿ ಬೇಡ. ಚಳಿಗಾಲದಲ್ಲಿ ಅದೇ ಫ್ಯಾನ್ ಸೀಲಿಂಗ್ ನಡುವೆ ತೆಳು ತಗಡಿನ ರೆಕ್ಕೆಗಳಿರುವ ದೊಡ್ಡ ಕಿಂಡಿ. ನವೆಂಬರ್‌ನಿಂದ ಅದಕ್ಕೊಂದು ಫೋಮ್ ಡಬ್ಬ ಮುಚ್ಚಿಡಿ. ಸ್ವಿಚ್ ಮೇಲೆ ಟೇಪ್ ಅಂಟಿಸಿ, ಇಲ್ಲದಿದ್ದರೆ ಮೇ ತಿಂಗಳಲ್ಲಿ ಯಾರೋ ಒತ್ತುತ್ತಾರೆ.

ಗಾಳಿಗೆ ತೇವ ಸೇರಿಸುವ ಹ್ಯೂಮಿಡಿಫೈಯರ್ ಇರುವವರು ಕೈ ಎತ್ತಿ ನೋಡೋಣ. ಹಾಂ, ಹೆಚ್ಚುಕಮ್ಮಿ ಎಲ್ಲರೂ. ಇಲ್ಲಿನ ಒಣಗಾಳಿಗೆ ತುಟಿ ಒಡೆಯುತ್ತದೆ, ಮಗುವಿಗೆ ಮೂಗಲ್ಲಿ ರಕ್ತ ಬರುತ್ತದೆ, ಹಾಕಲೇಬೇಕು, ಒಪ್ಪಿದೆ. ಆದರೆ ಹೊರಗೆ ಸೊನ್ನೆ ಡಿಗ್ರಿ ಇರುವಾಗ ಒಳಗೆ 45 ಪರ್ಸೆಂಟ್ ತೇವ ಇಟ್ಟರೆ ಏನಾಗುತ್ತದೆ ಗೊತ್ತಾ? ಆ ತೇವದ ಗಾಳಿ ನಾನು ಹೇಳಿದ ತೂತುಗಳಿಂದಲೇ ಆಟಿಕ್ ಸೇರುತ್ತದೆ. ರೂಫಿಂಗ್ ಮೊಳೆಗಳು ಒಳಗಡೆ ತುದಿ ಚಾಚಿಕೊಂಡಿರುತ್ತವೆ, ಕಬ್ಬಿಣ, ಹೊರಗಿನಷ್ಟೇ ತಣ್ಣಗೆ. ಒಂದೊಂದು ಮೊಳೆಯ ತುದಿಗೂ ಬಿಳಿ ಹಿಮದ ಗುಂಡು ಕಟ್ಟುತ್ತದೆ. ಟಾರ್ಚ್ ಹಾಕಿದರೆ ಇಡೀ ಚಾವಣಿ ಮಿನುಗುತ್ತದೆ. ಎರಡು ದಿನ ಬಿಟ್ಟು ಶಿನೂಕ್, ಅಂದರೆ ಬೆಟ್ಟದಿಂದ ಇಳಿದು ಬರುವ ಬೆಚ್ಚನೆ ಒಣಗಾಳಿ, ಬೀಸುತ್ತದೆ, ಹೊರಗೆ 55 ಡಿಗ್ರಿ, ಬಿಸಿಲು, ಎಲ್ಲ ಒಟ್ಟಿಗೆ ಕರಗಿ ಬೆಡ್‌ರೂಮ್ ಸೀಲಿಂಗ್ ಮೇಲೆ ಕಂದು ಕಲೆ. ಮಳೆ ಇಲ್ಲ, ಹಿಮ ಇಲ್ಲ, ಆದರೂ ಸೋರಿತು. ರೂಫಿಂಗ್‌ನವನು ಬಂದು ನೋಡಿ ಹೊಸ ಚಾವಣಿಗೆ ಕೊಟೇಶನ್ ಕೊಡುತ್ತಾನೆ. ಚಾವಣಿಗೆ ಏನೂ ಆಗಿರುವುದಿಲ್ಲ. ಹೊರಗೆ 20 ಡಿಗ್ರಿ ಇದ್ದರೆ ಒಳಗೆ ತೇವ 35, ಹೊರಗೆ ಸೊನ್ನೆ ಇದ್ದರೆ 25, ಅದಕ್ಕಿಂತ ಮೇಲೆ ಇಡಬೇಡಿ. ಬಾತ್‌ರೂಮ್ ಫ್ಯಾನ್‌ನ ಪೈಪ್ ಆಟಿಕ್ ಒಳಗೇ ಬಿಟ್ಟಿದ್ದಾರಾ ಅಂತಲೂ ನೋಡಿ. ಹಳೇ ಮನೆಗಳಲ್ಲಿ ಇದು ಮಾಮೂಲು, ಸ್ನಾನದ ಹಬೆಯೆಲ್ಲ ಅಲ್ಲಿಗೇ.

ಒಂದು ಮಾತು ಇಲ್ಲಿನ ಒಣಹವೆಯ ಪರವಾಗಿಯೂ ಹೇಳಬೇಕು. ಗೋಡೆ ಒದ್ದೆಯಾದರೂ ಇಲ್ಲಿ ಬೇಗ ಒಣಗುತ್ತದೆ. ಗೋಡೆಗೆ ಪ್ಲಾಸ್ಟಿಕ್ ಹಾಳೆ ಯಾವ ಕಡೆ ಹಾಕಬೇಕು ಅಂತ ಬೇರೆ ರಾಜ್ಯದವರು ಜಗಳವಾಡುವಷ್ಟು ನಾವು ಆಡಬೇಕಾಗಿಲ್ಲ.

ಬೆಟ್ಟದ ಮೇಲೆ, ಎಸ್ಟೆಸ್ ಪಾರ್ಕ್, ಬ್ರೆಕೆನ್‌ರಿಡ್ಜ್ ಕಡೆ ಕ್ಯಾಬಿನ್ ತೆಗೆದುಕೊಂಡವರಿಗೆ ತಲೆನೋವು ಬೇರೆ. ಚಾವಣಿ ಮೇಲೆ ತಿಂಗಳುಗಟ್ಟಲೆ ಹಿಮ. ಕೆಳಗಿನಿಂದ ಶಾಖ ಸೋರಿ ಹಿಮದ ತಳ ಕರಗುತ್ತದೆ, ನೀರು ಇಳಿಜಾರಿನಲ್ಲಿ ಇಳಿದು ತಣ್ಣನೆಯ ಅಂಚಿಗೆ ಬಂದು ಗಟ್ಟಿಯಾಗುತ್ತದೆ, ಅಲ್ಲಿ ಮಂಜುಗಡ್ಡೆಯ ಕಟ್ಟೆ ಬೆಳೆಯುತ್ತದೆ, ಹಿಂದೆ ನಿಂತ ನೀರು ಶಿಂಗಲ್, ಅಂದರೆ ಚಾವಣಿಗೆ ಹೊದಿಸಿದ ಹಾಳೆಗಳ, ಅಡಿ ನುಸುಳುತ್ತದೆ. ಬಿಸಿಲು ಚುರುಕು, ರಾತ್ರಿ ಕೊರೆಯುವ ಚಳಿ, ಎರಡೂ ಸೇರಿ ಇದನ್ನು ಜಾಸ್ತಿ ಮಾಡುತ್ತವೆ. ಜನ ಅಂಚಿಗೆ ಹೀಟಿಂಗ್ ವೈರ್ ಸುತ್ತುತ್ತಾರೆ. ಕರೆಂಟ್ ಬಿಲ್ ಕಟ್ಟಿ ಹಿಮ ಕರಗಿಸುವುದಕ್ಕಿಂತ ಸೀಲಿಂಗ್ ತೂತು ಮುಚ್ಚುವುದು ವಾಸಿ, ಅಲ್ವಾ?

ಗೋಡೆಗೆ ಬರೋಣ. ಇಲ್ಲಿ ನಿಮ್ಮ ಮನೆ ಯಾವ ಕಾಲದ್ದು ಅನ್ನುವುದು ಮುಖ್ಯ. ಡೆನ್ವರ್ ಹಳೇ ಬೀದಿಗಳಲ್ಲಿ ಇಷ್ಟೊಂದು ಇಟ್ಟಿಗೆ ಮನೆ ಯಾಕಿವೆ ಅಂತ ಯೋಚಿಸಿದ್ದೀರಾ? 1863ರ ಏಪ್ರಿಲ್‌ನಲ್ಲಿ ಊರಿನ ಪೇಟೆಯ ಭಾಗ ಸುಟ್ಟುಹೋಯಿತು. ಆಮೇಲೆ ಊರೊಳಗೆ ಇಟ್ಟಿಗೆ ಅಥವಾ ಕಲ್ಲಲ್ಲೇ ಕಟ್ಟಬೇಕು ಅಂತ ಕಾನೂನು ಬಂತು. ವಾಷ್ ಪಾರ್ಕ್, ಪಾರ್ಕ್ ಹಿಲ್ ಕಡೆಯ ಹಳೇ ಬಂಗಲೊಗಳು ಎರಡು ಸಾಲು ಇಟ್ಟಿಗೆಯ ಗಟ್ಟಿ ಗೋಡೆ. ನೋಡಲು ಏನು ಚಂದ! ಆದರೆ ಇಟ್ಟಿಗೆ ಶಾಖ ತಡೆಯುವುದಿಲ್ಲ, ಎಂಟು ಇಂಚು ದಪ್ಪ ಇದ್ದರೂ ಎಲ್ಲ ಸೇರಿ ಆರ್-3ರ ಆಸುಪಾಸು. ನಡುವೆ ಪೊಳ್ಳು ಇಲ್ಲ, ಹಾಗಾಗಿ ಊದಿ ತುಂಬಲು ಜಾಗವೂ ಇಲ್ಲ. ಒಳಗಡೆಯಿಂದ ಫೋಮ್ ಹಚ್ಚಬಹುದಲ್ಲ ಅಂತ ಕೇಳುತ್ತಾರೆ. ಹಚ್ಚಬಹುದು, ಆದರೆ ಆಗ ಇಟ್ಟಿಗೆಗೆ ಮನೆಯ ಶಾಖ ಸಿಗುವುದು ನಿಲ್ಲುತ್ತದೆ. ಇಟ್ಟಿಗೆ ಒದ್ದೆಯಾಗಿದ್ದರೆ ಅದರೊಳಗಿನ ನೀರು ಗಡ್ಡೆಕಟ್ಟಿ, ಕರಗಿ, ಮತ್ತೆ ಗಡ್ಡೆಕಟ್ಟಿ, ಮುಖ ಸಿಪ್ಪೆ ಸಿಪ್ಪೆಯಾಗಿ ಉದುರುತ್ತದೆ. ಇಲ್ಲಿ ಚಳಿಗಾಲದಲ್ಲಿ ಹಗಲು ಕರಗುವುದು ರಾತ್ರಿ ಗಡ್ಡೆಕಟ್ಟುವುದು ದಿನನಿತ್ಯದ ಕೆಲಸ. ಗಟರ್ ಸೋರದ ಹಾಗೆ, ನೆಲದ ನೀರು ಗೋಡೆಗೆ ಬರದ ಹಾಗೆ ಮೊದಲು ನೋಡಿಕೊಳ್ಳಬೇಕು. ನನ್ನನ್ನು ಕೇಳಿದರೆ, ಇಂಥ ಮನೆಯಲ್ಲಿ ಆಟಿಕ್ ಪೂರ್ತಿ ಮಾಡಿ, ತೂತು ಮುಚ್ಚಿ, ಗೋಡೆಯನ್ನು ಅದರ ಪಾಡಿಗೆ ಬಿಡಿ.

1950, 60ರ ರ‍್ಯಾಂಚ್ ಮನೆಗಳ, ಅಂದರೆ ಒಂದೇ ಅಂತಸ್ತಿನ ಉದ್ದನೆ ಮನೆಗಳ, ಕಥೆ ಬೇರೆ. ಹೊರಗೆ ಇಟ್ಟಿಗೆ ಕಂಡರೂ ಹಿಂದೆ ಮರದ ಚೌಕಟ್ಟು ಇರುತ್ತದೆ, ಮೂರೂವರೆ ಇಂಚು ಪೊಳ್ಳು, ಒಳಗೆ ಏನೂ ಇಲ್ಲ ಅಥವಾ ಜೋತುಬಿದ್ದ ಒಂದು ತೆಳು ಪದರ. ಇಲ್ಲಿ ತೂತು ಕೊರೆದು ಸೆಲ್ಯುಲೋಸ್ ಒತ್ತಿ ತುಂಬಿಸಬಹುದು. ಆರ್-13ರ ಹತ್ತಿರ ಬರುತ್ತದೆ. ಒತ್ತಿ ತುಂಬಿದ ಸೆಲ್ಯುಲೋಸ್ ಗಾಳಿಯನ್ನೂ ಸಾಕಷ್ಟು ತಡೆಯುತ್ತದೆ, ಗೋಡೆಗೆ ಅದು ದೊಡ್ಡ ಲಾಭ. ಕೊರೆದ ಡ್ರೈವಾಲ್ ಮುಚ್ಚಿ ಬಣ್ಣ ಹೊಡೆಯುವ ಖರ್ಚು ಕೊಟೇಶನ್‌ನಲ್ಲಿ ಇದೆಯಾ ಅಂತ ಕೇಳಿಕೊಳ್ಳಿ, ತುಂಬಾ ಸಲ ಇರುವುದಿಲ್ಲ.

ಬೇಸ್‌ಮೆಂಟ್‌ನಲ್ಲಿ ಕಾಂಕ್ರೀಟ್ ಗೋಡೆ ಮುಗಿದು ಮರ ಶುರುವಾಗುವ ಜಾಗ, ರಿಮ್ ಜಾಯಿಸ್ಟ್. ಜನವರಿ ಬೆಳಿಗ್ಗೆ ಅಲ್ಲಿ ಅಂಗೈ ಇಟ್ಟು ನೋಡಿ, ನಾನು ಬೇರೆ ಏನೂ ಹೇಳಬೇಕಾಗಿಲ್ಲ. ಫೋಮ್ ಬೋರ್ಡ್ ಅಳತೆಗೆ ಕತ್ತರಿಸಿ ಮರದ ತೊಲೆಗಳ ನಡುವಿನ ಒಂದೊಂದು ಖಾನೆಗೂ ತುರುಕಿ, ಅಂಚಿಗೆ ಡಬ್ಬಿ ಫೋಮ್. ಬರೀ ಫೈಬರ್‌ಗ್ಲಾಸ್ ತುರುಕಿದರೆ ಪ್ರಯೋಜನ ಕಮ್ಮಿ, ಗಾಳಿ ಅದರೊಳಗಿಂದಲೇ ಬರುತ್ತದೆ.

ಗಾಳಿ ಅಂದಾಗ ಮಾರ್ಷಲ್ ಫೈರ್ ಅನ್ನುವ ಬೆಂಕಿ ಅನಾಹುತ ಹೇಳದೇ ಇರಲಾರೆ. 2021ರ ಡಿಸೆಂಬರ್ 30. ಹತ್ತಿರದ ಸುಪೀರಿಯರ್, ಲೂಯಿಸ್‌ವಿಲ್ ಊರುಗಳಲ್ಲಿ ಸಾವಿರಕ್ಕೂ ಹೆಚ್ಚು ಮನೆ ಹೋದವು. ಇಲ್ಲಿ ಕೂತಿರುವ ಕೆಲವರು ಆ ಬೀದಿಗಳವರೇ. ಉಳಿದ ಮನೆಗಳ ಒಳಗೂ ಕಿಟಕಿ ಕಟ್ಟೆ ಮೇಲೆ, ಕಪಾಟಿನಲ್ಲಿ, ಆಟಿಕ್‌ನಲ್ಲಿ ಬೂದಿ ಸಿಕ್ಕಿತು. ಕಿಟಕಿ ಬಾಗಿಲು ಹಾಕಿತ್ತಲ್ಲ, ಎಲ್ಲಿಂದ ಬಂತು ಅಂತ ಜನ ಕೇಳಿದರು. ಚಳಿಗಾಳಿ ಬರುವ ದಾರಿಯಿಂದಲೇ. ಈಗ ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಹೊಗೆ ವಾರಗಟ್ಟಲೆ ನಿಲ್ಲುವ ವರ್ಷಗಳು ಬರುತ್ತಿವೆ. ತೂತು ಮುಚ್ಚುವುದು ಬರೀ ಬಿಲ್‌ನ ವಿಷಯ ಅಲ್ಲ.

ಆದರೆ ನಮ್ಮವರಿಗೆ ಇದನ್ನು ಒಪ್ಪಿಸುವುದು ಕಷ್ಟ. ಮನೆ ಅಂದರೆ ಗಾಳಿ ಬೆಳಕು ಇರಬೇಕು ಅಂತ ಬೆಳೆದವರು ನಾವು. ಬಾಗಿಲ ಮೇಲೆ ವೆಂಟಿಲೇಟರ್, ಗೋಡೆಯಲ್ಲಿ ಜಾಲಂದ್ರ, ತೊಟ್ಟಿಮನೆಯಲ್ಲಂತೂ ನಡುವೆ ಆಕಾಶವೇ. ಉಸಿರುಗಟ್ಟುವುದಿಲ್ಲವಾ ಅಂತ ಅಪ್ಪ ಅಮ್ಮ ಕೇಳುತ್ತಾರೆ. ಕೇಳುವುದು ಸರಿಯೇ. ಬಿಗಿಯಾದ ಮನೆಗೆ ಗಾಳಿ ಬೇಕು, ಅದನ್ನು ನಾವೇ ಲೆಕ್ಕ ಹಾಕಿ ಕೊಡಬೇಕು. ಹೊರಗೆ ಹೋಗುವ ಗಾಳಿಯ ಶಾಖವನ್ನು ಒಳಗೆ ಬರುವ ಗಾಳಿಗೆ ದಾಟಿಸುವ ಇಆರ್‌ವಿ ಅನ್ನುವ ಯಂತ್ರ ಇದೆ, ಸ್ವಲ್ಪ ತೇವವನ್ನೂ ಉಳಿಸುತ್ತದೆ, ಈ ಒಣ ಊರಿಗೆ ಒಳ್ಳೆಯದು. ಅದಾಗದಿದ್ದರೆ ಸದ್ದಿಲ್ಲದ ಒಂದು ಬಾತ್‌ರೂಮ್ ಫ್ಯಾನ್ ನಿಧಾನಕ್ಕೆ ಸದಾ ಓಡಲಿ.

ಎಲ್ಲಕ್ಕಿಂತ ಗಂಭೀರ ವಿಷಯ ಈಗ. ನಮ್ಮವರು ಹೊಸ ಕಿಚನ್ ಮಾಡಿಸಿದರೆ ಒಗ್ಗರಣೆ ಘಾಟು ಹೋಗಲಿ ಅಂತ ದೊಡ್ಡ ಹುಡ್ ಹಾಕಿಸುತ್ತಾರೆ. ಬೇಸ್‌ಮೆಂಟ್‌ನಲ್ಲಿ ಹಳೇ ಗ್ಯಾಸ್ ವಾಟರ್ ಹೀಟರ್, ಅದರ ಹೊಗೆ ತನ್ನ ಪಾಡಿಗೆ ಮೇಲೇರಿ ಹೋಗಬೇಕು, ಫ್ಯಾನ್ ಇಲ್ಲ. ಮನೆ ಸೋರುತ್ತಿದ್ದಾಗ ಹುಡ್‌ಗೆ ಗಾಳಿ ಎಲ್ಲಿಂದಲೋ ಸಿಗುತ್ತಿತ್ತು. ತೂತೆಲ್ಲ ಮುಚ್ಚಿದ ಮೇಲೆ ಹುಡ್ ಓಡಿದರೆ ಅದು ವಾಟರ್ ಹೀಟರ್ ಚಿಮಣಿಯಿಂದಲೇ ಗಾಳಿ ಎಳೆಯಬಹುದು. ಹೊಗೆ ವಾಪಸ್ ಬೇಸ್‌ಮೆಂಟ್‌ಗೆ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರಬಹುದು, ವಾಸನೆ ಇಲ್ಲ, ಗೊತ್ತೇ ಆಗುವುದಿಲ್ಲ. ಅದಕ್ಕೇ ಕೆಲಸ ಮುಗಿದ ದಿನವೇ ಎಲ್ಲ ಫ್ಯಾನ್ ಓಡಿಸಿ ಹೊಗೆ ಸರಿಯಾಗಿ ಹೋಗುತ್ತಿದೆಯಾ ಅಂತ ಪರೀಕ್ಷೆ ಮಾಡಿಸಿ. ಮಾಡುವುದಿಲ್ಲ ಅನ್ನುವ ಕಂಟ್ರ್ಯಾಕ್ಟರ್‌ಗೆ ಕೆಲಸ ಕೊಡಬೇಡಿ. ಕೊಲೊರಾಡೊದಲ್ಲಿ 2009ರ ಕಾನೂನಿನಿಂದ, ಮನೆ ಮಾರುವಾಗ, ಬಾಡಿಗೆ ಕೊಡುವಾಗ ಮಲಗುವ ಕೋಣೆಯ 15 ಅಡಿ ಒಳಗೆ ಇದರ ಅಲಾರಂ ಇರಲೇಬೇಕು. ನೀವು ಮಾರದಿದ್ದರೂ ಹಾಕಿ. ಹಳೆಯದಿದ್ದರೆ ಹಿಂದೆ ತಿರುಗಿಸಿ ತಾರೀಕು ನೋಡಿ, ಅದಕ್ಕೂ ಆಯುಸ್ಸು ಇದೆ.

ರೇಡಾನ್ ಕೂಡ ಇದೇ ಸಾಲಿನದು. ಮಣ್ಣಿನಿಂದ ಬರುವ ವಿಕಿರಣದ ಅನಿಲ, ಕೊಲೊರಾಡೊದ ಹೆಚ್ಚುಕಮ್ಮಿ ಅರ್ಧ ಮನೆಗಳಲ್ಲಿ ಕೇಂದ್ರದ ಪರಿಸರ ಸಂಸ್ಥೆ ಇಪಿಎ ಹೇಳುವ, ಲೀಟರ್ ಗಾಳಿಗೆ 4 ಪಿಕೊಕ್ಯೂರಿ (ವಿಕಿರಣದ ಅಳತೆ) ಮಟ್ಟದ ಮೇಲಿದೆ. ಕ್ರಾಲ್‌ಸ್ಪೇಸ್ ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿ ಅಂಚು ಸೀಲ್ ಮಾಡಿ, ಕೆಲಸಕ್ಕೆ ಮುಂಚೆ ಒಂದು ಸಲ, ಆದ ಮೇಲೆ ಒಂದು ಸಲ ಟೆಸ್ಟ್ ಮಾಡಿ.

ಕಿಟಕಿ ಬಗ್ಗೆ ನೀವು ಕೇಳುವ ಮುಂಚೆ ನಾನೇ ಹೇಳುತ್ತೇನೆ. ಮನೆಮನೆಗೆ ಬಂದು ಬಾಗಿಲು ತಟ್ಟುವವರು ಮಾರುವುದು ಕಿಟಕಿ. ಹಳೇ ಕಿಟಕಿ ಮೇಲೆ ಸ್ಟಾರ್ಮ್ ವಿಂಡೊ, ಅಂದರೆ ಹೊರಗಡೆ ಇನ್ನೊಂದು ಗಾಜಿನ ಕಿಟಕಿ, ಇದ್ದರೆ ಆರ್-2, ಹೊಸ ಡಬಲ್ ಗ್ಲಾಸ್ ಅಂದರೆ 3ರ ಮೇಲೆ ಸ್ವಲ್ಪ. 150 ಚದರ ಅಡಿ ಕಿಟಕಿಗೆ, ಅದೇ 60 ಡಿಗ್ರಿ ವ್ಯತ್ಯಾಸಕ್ಕೆ ಗಂಟೆಗೆ ಸುಮಾರು 1,800 ಬಿಟಿಯು ಉಳಿತಾಯ. ಆಟಿಕ್‌ನಲ್ಲಿ 4,200 ಉಳಿದಿತ್ತು, ನೆನಪಿದೆಯಲ್ಲ? ಕಿಟಕಿ ಖರ್ಚು ಅದರ ಎಷ್ಟೋ ಪಟ್ಟು. ಜೊತೆಗೆ ಎತ್ತರದ ಇನ್ನೊಂದು ಕಿತಾಪತಿ ಇದೆ. ತಗ್ಗಿನ ಊರಲ್ಲಿ ಮಾಡಿದ ಡಬಲ್ ಗ್ಲಾಸ್ ಒಳಗೆ ಅಲ್ಲಿನ ಒತ್ತಡದ ಅನಿಲ ಇರುತ್ತದೆ. ಬೆಟ್ಟಕ್ಕೆ ತಂದರೆ ಹೊರಗಿನ ಒತ್ತಡ ಕಮ್ಮಿ, ಗಾಜು ಉಬ್ಬುತ್ತದೆ, ಸೀಲ್ ಒಡೆಯಲೂಬಹುದು. ಅದಕ್ಕೆ ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಕೊಳವೆ ಇಡುತ್ತಾರೆ, ಒತ್ತಡ ಸಮ ಆಗಲಿ ಅಂತ. ಆದರೆ ಆ ಕೊಳವೆ ತೆರೆದೇ ಇದ್ದರೆ, ಶಾಖ ತಡೆಯಲಿ ಅಂತ ಗಾಜುಗಳ ನಡುವೆ ತುಂಬುವ ಆರ್ಗಾನ್ ಅನಿಲ ನಿಲ್ಲುವುದಿಲ್ಲ. ಆರ್ಗಾನ್ ತುಂಬಿದ ಕಿಟಕಿ ಅಂತ ಹೆಚ್ಚು ದುಡ್ಡು ಕೇಳಿದರೆ, ಗಾಜಿನ ಯೂನಿಟ್ ಎಷ್ಟು ಎತ್ತರದ ಊರಲ್ಲಿ ತಯಾರಾಗಿದೆ, ಕೊಳವೆ ಇದೆಯಾ ಅಂತ ಕೇಳಿ. ಮಾರುವವನ ಮುಖ ನೋಡಿ. ಹಾಗೂ ಬದಲಿಸಲೇಬೇಕು ಅಂತಿದ್ದರೆ ದಕ್ಷಿಣದ ಕಿಟಕಿಗೆ ಬಿಸಿಲು ಪೂರ್ತಿ ತಡೆಯುವ ಗಾಜು ಹಾಕಿಸಬೇಡಿ. ಚಳಿಗಾಲದ ಮಧ್ಯಾಹ್ನ ಇಲ್ಲಿನ ತಿಳಿ ಆಕಾಶದಲ್ಲಿ ಆ ಕಿಟಕಿಯೇ ಪುಕ್ಕಟೆ ಹೀಟರ್.

ದುಡ್ಡಿನ ವಿಷಯ ಚುಟುಕಾಗಿ. ಇನ್ಸುಲೇಷನ್ ಖರ್ಚಿಗೆ ಕೇಂದ್ರ ಸರ್ಕಾರ ಶೇಕಡಾ 30, ವರ್ಷಕ್ಕೆ 1,200 ಡಾಲರ್‌ವರೆಗೆ ಕೊಡುತ್ತಿದ್ದ ತೆರಿಗೆ ವಿನಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ಈಗಲೂ ಅದನ್ನು ತೋರಿಸಿ ಮಾರುವವರಿದ್ದರೆ ಹುಷಾರು. ಇಲ್ಲಿನ ಕರೆಂಟ್, ಗ್ಯಾಸ್ ಕಂಪನಿ ಎಕ್ಸೆಲ್ ಎನರ್ಜಿ ಕಡೆಯ ರಿಯಾಯಿತಿ ಆಗಾಗ ಬದಲಾಗುತ್ತದೆ, ಕೆಲಸ ಶುರು ಮಾಡುವ ಮುಂಚೆ ಷರತ್ತು ಓದಿ, ಯಾಕೆಂದರೆ ಮೊದಲೇ ಆಡಿಟ್ ಆಗಿರಬೇಕು ಅನ್ನುವಂಥದ್ದೆಲ್ಲ ಇರಬಹುದು.

ಕೊನೆಗೆ ಕಂಟ್ರ್ಯಾಕ್ಟರ್ ಹತ್ತಿರ ಏನು ಕೇಳಬೇಕು ಅಂತ ಬಂದ ಪ್ರಶ್ನೆ. ಎರಡು ಬ್ಲೋವರ್ ಡೋರ್ ಸಂಖ್ಯೆ ಕೇಳಿ, ಕೆಲಸಕ್ಕೆ ಮುಂಚಿನದು ಮತ್ತು ನಂತರದ್ದು, ಬರಹದಲ್ಲಿ. ಆಟಿಕ್‌ನಲ್ಲಿ ಅಳತೆ ಪಟ್ಟಿಗಳನ್ನು ಮುಚ್ಚಳದ ಕಡೆ ಮುಖ ಮಾಡಿ ನಿಲ್ಲಿಸಲು ಹೇಳಿ, ಏಣಿ ಮೇಲೆ ನಿಂತೇ ಎಷ್ಟು ಇಂಚು ಅಂತ ಓದಬಹುದು. ಸೆಲ್ಯುಲೋಸ್ ಚೀಲದ ಮೇಲೆ ಇಷ್ಟು ಚದರ ಅಡಿಗೆ ಇಷ್ಟು ಆರ್ ಬೇಕಾದರೆ ಇಷ್ಟು ಚೀಲ ಅಂತ ಪಟ್ಟಿ ಅಚ್ಚಾಗಿರುತ್ತದೆ. ಹಾಕಿದ ದಪ್ಪ, ಜಾಗ, ಆರ್, ಎಷ್ಟು ಚೀಲ ಅನ್ನುವುದನ್ನು ಬರೆದು ಕೊಡುವುದು ಕೇಂದ್ರದ ನಿಯಮದ ಪ್ರಕಾರ ಅವರ ಜವಾಬ್ದಾರಿ. ಗಾಳಿ ಜಾಸ್ತಿ ಬೆರೆಸಿ ಉಬ್ಬಿಸಿ ಊದಿದರೆ ಅಳತೆ ಪಟ್ಟಿಯಲ್ಲಿ ಹದಿನಾಲ್ಕು ಇಂಚು ಕಾಣುತ್ತದೆ, ಆರು ತಿಂಗಳಲ್ಲಿ ಕೂತುಬಿಡುತ್ತದೆ. ಚೀಲದ ಲೆಕ್ಕದಲ್ಲಿ ಮಾತ್ರ ಆ ಆಟ ನಡೆಯುವುದಿಲ್ಲ. ಅದಕ್ಕೇ ಖಾಲಿ ಚೀಲಗಳನ್ನು ಅವರು ಲಾರಿಗೆ ಹಾಕುವ ಮುಂಚೆ ಗ್ಯಾರೇಜ್‌ನಲ್ಲಿ ಜೋಡಿಸಿಡಲು ಹೇಳಿ, ಎಣಿಸಿ, ಆಮೇಲೆ ಚೆಕ್ ಬರೆಯಿರಿ.